ಗುಬ್ಬಿ ಫಾಂಟಿಗೆ ಗೂಡು ಎಲ್ಲಿ?

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಅರ್ಧ ದಾರಿ ದಾಟಿದ ಮೇಲೆ ಸಿಗುವ ಏಕಶಿಲೆಯ ನಂದಿ, ದೊಡ್ಡದೇವರಾಜ ಒಡೆಯರ ಕಾಲ. ಇಷ್ಟನ್ನೂ ಸೇರಿಸಿ ಮೈಸೂರಿನ ಯಾವುದೋ ಶಾಲೆಯ ಮಕ್ಕಳು ಲಿನಕ್ಸ್ ಕಂಪ್ಯೂಟರಿನಲ್ಲಿ ಕೈಪಿಡಿಯೊಂದನ್ನು ಮಾಡುತ್ತಿದ್ದಾರೆ ಎಂದುಕೊಳ್ಳಿ. ಅದಕ್ಕೆ 'ಗುಬ್ಬಿ' ಫಾಂಟ್ ಬೇಕು. ಮುಕ್ತ ಪರವಾನಗಿಯ ಈ ಕನ್ನಡ ಫಾಂಟ್ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ತಂತ್ರಾಂಶ ಭಂಡಾರದಲ್ಲೇ ಇದೆ. ಇಳಿಸಿಕೊಂಡರೆ ಅದು ಎಲ್ಲಿ ಹೋಗಿ ಕೂರಬೇಕು?

ಭಂಡಾರದಿಂದ ಬಂದದ್ದಾದರೆ '/ಯುಎಸ್‌ಆರ್/ಶೇರ್/ಫಾಂಟ್ಸ್' ಒಳಗೆ. ಅದು ವ್ಯವಸ್ಥೆಯ ಸ್ವತ್ತು. ಅಪ್‌ಡೇಟ್ ಬಂದಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಹಕ್ಕು ಪ್ಯಾಕೇಜ್ ಮ್ಯಾನೇಜರಿನದು. ಮೇಷ್ಟ್ರು ಬೇರೆಲ್ಲಿಂದಲೋ ತಂದು, ಎಲ್ಲ ಮಕ್ಕಳಿಗೂ ಸಿಗಲಿ ಎಂದು ಹಾಕುವುದಾದರೆ '/ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸ್'. ಅಪ್‌ಡೇಟ್ ಅಲ್ಲಿ ಕೈಯಾಡಿಸುವುದಿಲ್ಲ. ಒಬ್ಬ ಹುಡುಗಿ ತನಗೆ ಮಾತ್ರ ಹಾಕಿಕೊಂಡರೆ ಅವಳ ಹೋಮ್ ಫೋಲ್ಡರಿನ '.ಲೋಕಲ್/ಶೇರ್/ಫಾಂಟ್ಸ್'. ಫಾಂಟ್ ಒಂದೇ, ಜಾಗ ಮೂರು. ಫೈಲ್ ಯಾರ ಪಾಲಿನದು ಎಂಬುದೇ ಇಲ್ಲಿ ತೀರ್ಮಾನದ ಮಾತು.

ಈ ಅಚ್ಚುಕಟ್ಟು ಮೊದಲಿಂದಲೂ ಇದ್ದದ್ದೇನಲ್ಲ. 1970ರ ದಶಕದ ಶುರುವಿನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟುತ್ತಿದ್ದಾಗ 'ಯುಎಸ್‌ಆರ್' ಎಂದರೆ ಬಳಕೆದಾರರ ಮನೆಗಳಿದ್ದ ಜಾಗ. ಮೊದಲ ಡಿಸ್ಕ್ ತುಂಬಿಹೋಗಿ ಪ್ರೋಗ್ರಾಮುಗಳು ಅಲ್ಲಿಗೂ ನುಗ್ಗಿದವು. ಜಾಗ ಸಾಲದೆ ಆದ ಆ ಏರ್ಪಾಡು ದಶಕಗಟ್ಟಲೆ ಸಂಪ್ರದಾಯವಾಗಿ ಉಳಿಯಿತು. ಯಾವ ಫೈಲ್ ಎಲ್ಲಿರಬೇಕೆಂದು ಲಿನಕ್ಸ್‌ನವರು ನಿಯಮಾವಳಿ ಬರೆದದ್ದು 1994ರಲ್ಲಿ. ಹೀಗೆ ಒಡೆದಿದ್ದ, ಪ್ರೋಗ್ರಾಮುಗಳಿರುವ ಎರಡು 'ಬಿನ್' ಫೋಲ್ಡರುಗಳನ್ನು ಫೆಡೋರಾ ಎಂಬ ಲಿನಕ್ಸ್ ವಿತರಣೆ ಒಂದುಗೂಡಿಸಿದ್ದು 2012ರಲ್ಲಿ!

ಹೋಮ್ ಫೋಲ್ಡರಿನೊಳಗಿನ ಗಲಾಟೆ ಬೇರೆ. ಪ್ರತಿ ಪ್ರೋಗ್ರಾಮೂ ಚುಕ್ಕಿಯಿಂದ ಶುರುವಾಗುವ ಅಡಗುಫೈಲನ್ನು ಕಂಡಲ್ಲೆಲ್ಲ ಬಿಸಾಡುತ್ತಿತ್ತು. 2003ರ ಎಕ್ಸ್‌ಡಿಜಿ ನಿಯಮ ಇದಕ್ಕೊಂದು ಕ್ರಮ ತಂದಿತು: ಸೆಟ್ಟಿಂಗುಗಳು '.ಕಾನ್ಫಿಗ್', ಪ್ರೋಗ್ರಾಮು ಕೂಡಿಟ್ಟ ದತ್ತಾಂಶ '.ಲೋಕಲ್/ಶೇರ್', ಅಳಿಸಿದರೂ ಮತ್ತೆ ಹುಟ್ಟಿಸಿಕೊಳ್ಳಬಹುದಾದದ್ದು '.ಕ್ಯಾಷ್'. ನನ್ನ ಮಟ್ಟಿಗೆ ಇದರಲ್ಲಿ ಜಾಣತನ ಇರುವುದು ಕ್ಯಾಷ್‌ನಲ್ಲೇ. ನಂದಿಯ ಫೋಟೋಗಳ ಪುಟಾಣಿ ಪ್ರತಿಗಳನ್ನು ಬ್ಯಾಕಪ್ಪಿಗೆ ಸೇರಿಸಬೇಕಿಲ್ಲ. ಡಿಸ್ಕ್ ತುಂಬಿದರೆ ನಿಶ್ಚಿಂತೆಯಿಂದ ಗುಡಿಸಿ ಹಾಕಬಹುದು. ಆದರೆ ಕೈಪಿಡಿಯ ಕರಡನ್ನೇ ಅಲ್ಲಿಡುವ ಪ್ರೋಗ್ರಾಮು ಮಕ್ಕಳ ಶ್ರಮವನ್ನು ಕಸದ ಬುಟ್ಟಿಯ ಬಾಯಿಗೆ ಇಟ್ಟಂತೆ.

ಇನ್ನು ಫೈಲಿನ ಹೆಸರು. ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. 'ಬೆಟ್ಟ' ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಬ, ಎತ್ವ, ಟ, ವಿರಾಮ, ಟ ಎಂದು ಐದು ಚಿಹ್ನೆ, 15 ಬೈಟ್. ಹೀಗಾಗಿ ಕನ್ನಡ ಹೆಸರಿಗೆ 85 ಚಿಹ್ನೆಗಳೇ ಗಡಿ. ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಉದ್ದುದ್ದ ಹೆಸರು ಹೊಸೆಯುವ ಪ್ರೋಗ್ರಾಮು ಇಲ್ಲಿ ಮುಗ್ಗರಿಸುತ್ತದೆ.

ಹೆಸರಿನ ತೊಡಕು ಫೋಲ್ಡರುಗಳಿಗೂ ಇದೆ. ಡೌನ್‌ಲೋಡ್ ಫೋಲ್ಡರಿನ ಹೆಸರು ಬಳಕೆದಾರರ ಭಾಷೆಗೆ ತಕ್ಕಂತೆ ಬದಲಾಗಬಹುದು, ಯಾರಾದರೂ ಅದನ್ನು ಬೇರೆ ಡಿಸ್ಕಿಗೂ ಸಾಗಿಸಿರಬಹುದು. ಆದ್ದರಿಂದ ಪ್ರೋಗ್ರಾಮು ಬರೆಯುವವರು ಇಂಗ್ಲಿಷ್ ಹೆಸರನ್ನು ಕೋಡಿನೊಳಗೆ ಬಿಗಿಯಾಗಿ ಕೂರಿಸಬಾರದು. ನಿಜವಾದ ವಿಳಾಸ '.ಕಾನ್ಫಿಗ್' ಒಳಗಿನ ಒಂದು ಪುಟ್ಟ ಪಟ್ಟಿಯಲ್ಲಿರುತ್ತದೆ; ಅದನ್ನು ಓದಿಕೊಳ್ಳಲು ಒಂದೆರಡು ಸಾಲಿನ ಕೋಡ್ ಸಾಕು.