ಕರುಳಿನ ಗೋಡೆಯ ಗುಟ್ಟು ಮಲಕ್ಕೆ ಗೊತ್ತಿಲ್ಲ

ಪುಟ್ಟ ಡಬ್ಬಿಯಲ್ಲಿ ಒಂದಿಷ್ಟು ಮಲ ಕಳಿಸಿದರೆ ಸಾಕು, ನಿಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಜಾತಕವನ್ನೇ ಬರೆದುಕೊಡುತ್ತೇವೆ ಎನ್ನುವ ಜಾಹೀರಾತುಗಳು ಈಗ ಮೊಬೈಲಿನಲ್ಲಿ ಆಗಾಗ ಕಣ್ಣಿಗೆ ಬೀಳುತ್ತವೆ. ಯಾವುದು ಹೆಚ್ಚಿದೆ, ಯಾವುದು ಕಡಿಮೆಯಿದೆ, ಏನು ತಿನ್ನಬೇಕು ಎಲ್ಲವೂ ವರದಿಯಲ್ಲಿ ಇರುತ್ತವೆ. ಆದರೆ ಅದು ಹೊರಗೆ ಬಂದ ಬ್ಯಾಕ್ಟೀರಿಯಾಗಳ ವರದಿ. ಕರುಳಿನ ಗೋಡೆಗೆ ಅಂಟಿಕೊಂಡು ಒಳಗೇ ಉಳಿದವುಗಳ ಲೆಕ್ಕ ಬೇರೆ.

ದೊಡ್ಡ ಕರುಳಿನ ಒಳಮೈಗೆ ಲೋಳೆಯ ಎರಡು ಪದರಗಳಿವೆ. ಗೋಡೆಗೆ ತಾಗಿದ ಪದರ ಎಷ್ಟು ಬಿಗಿಯಾಗಿದೆಯೆಂದರೆ, ಆರೋಗ್ಯವಂತರಲ್ಲಿ ಅದರೊಳಗೆ ಬ್ಯಾಕ್ಟೀರಿಯಾ ನುಸುಳುವುದೇ ಕಷ್ಟ. ಅದರ ಮೇಲಿನ ಪದರ ಸಡಿಲ. ಬ್ಯಾಕ್ಟೀರಿಯಾಗಳು ಮನೆಮಾಡಿರುವುದು ಅಲ್ಲಿ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಗುನ್ನಾರ್ ಹ್ಯಾನ್ಸನ್ ತಂಡ ಇಲಿಗಳಲ್ಲಿ ಈ ಎರಡು ಪದರಗಳ ವ್ಯವಸ್ಥೆಯನ್ನು ಸ್ಪಷ್ಟವಾಗಿ ತೋರಿಸಿದ್ದು 2008ರಲ್ಲಿ. ಅಂಗಾಂಶವನ್ನು ಕೆಡದಂತೆ ಇಡಲು ಬಳಸುವ ಮಾಮೂಲಿ ದ್ರಾವಣಗಳಲ್ಲಿ ಲೋಳೆ ಕುಗ್ಗಿ ಮಾಯವಾಗುತ್ತದೆ. ನೀರಿಲ್ಲದ, ಆಲ್ಕೋಹಾಲ್ ಬೆರೆತ ಕಾರ್ನಾಯ್ ದ್ರಾವಣದಲ್ಲಿಟ್ಟಾಗ ಅದು ಹಾಗೇ ಉಳಿದು ಸೂಕ್ಷ್ಮದರ್ಶಕದಡಿ ಕಾಣಿಸಿತು.

ಗೋಡೆಯ ಬಳಿ ಬದುಕುವ ಪರಿಸ್ಥಿತಿಯೇ ಬೇರೆ. ಕರುಳಿನ ನಡುಭಾಗದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಗೋಡೆಯ ಬಳಿ ಮಾತ್ರ ರಕ್ತನಾಳಗಳಿಂದ ಅದು ಸ್ವಲ್ಪ ಸ್ವಲ್ಪವಾಗಿ ಜಿನುಗುತ್ತದೆ. ಹಾಗಾಗಿ ಆಮ್ಲಜನಕವನ್ನು ತಾಳಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳ ಪಾಲು ಅಲ್ಲಿ ಹೆಚ್ಚು. ಆಹಾರದಲ್ಲೂ ವ್ಯತ್ಯಾಸವಿದೆ. ನಡುವೆ ಇರುವವು ನಾವು ತಿಂದ ಕಾಳು, ಸೊಪ್ಪಿನ ನಾರನ್ನು ನೆಚ್ಚಿಕೊಂಡರೆ, ಗೋಡೆಯ ಬಳಿಯ ಕೆಲವು ಲೋಳೆಯನ್ನೇ ತಿಂದು ಬದುಕುತ್ತವೆ. ಅಂಥ ಲೋಳೆಪ್ರಿಯ ಅಕ್ಕರ್ಮಾನ್ಸಿಯಾ ಮ್ಯೂಸಿನಿಫಿಲಾವನ್ನು 2004ರಲ್ಲಿ ಹೆಸರಿಸಿ ವಿವರಿಸಿದ್ದು ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು. ಅದು ಅವರ ಕೈಗೆ ಸಿಕ್ಕಿದ್ದು ಮನುಷ್ಯರ ಮಲದಲ್ಲೇ! ಗೋಡೆಯ ನಿವಾಸಿಗಳೂ ಲೋಳೆಯೊಂದಿಗೆ ಕಳಚಿ ಹೊರಬರುತ್ತವೆ. ಆದರೆ ಒಳಗಿದ್ದ ಪ್ರಮಾಣದಲ್ಲೇ ಬರುವುದಿಲ್ಲ.

2005ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ಡೇವಿಡ್ ರೆಲ್ಮನ್ ತಂಡ ಮೂವರು ಆರೋಗ್ಯವಂತರ ದೊಡ್ಡ ಕರುಳಿನ ಆರಾರು ಕಡೆಯಿಂದ ಅಂಗಾಂಶ ತೆಗೆದು, ಅವರ ಮಲದ ಜೊತೆ ಹೋಲಿಸಿತು. ದೊಡ್ಡ ವ್ಯತ್ಯಾಸ ಇದ್ದದ್ದು ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ. ಆದರೆ ಒಬ್ಬರದೇ ಗೋಡೆಗೂ ಮಲಕ್ಕೂ ಕೂಡ ತಾಳೆಯಾಗಲಿಲ್ಲ.

ಈ ಅಂತರದಿಂದ ರೋಗಪತ್ತೆಯಲ್ಲಿ ಏನಾಗುತ್ತದೆ? ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆ ಆಗಷ್ಟೇ ಪತ್ತೆಯಾದ ಮಕ್ಕಳ ಕುರಿತು 2014ರಲ್ಲಿ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಅವರ ಕರುಳಿನ ಅಂಗಾಂಶದಲ್ಲಿ ಬ್ಯಾಕ್ಟೀರಿಯಾಗಳ ಏರುಪೇರು ಎದ್ದು ಕಂಡಿತು. ಮಲದಲ್ಲಿ ಅದೇ ಸುಳಿವು ಮಸುಕಾಗಿತ್ತು.

ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ತುಂಬಿದ ಪ್ರೊಬಯೋಟಿಕ್ ಮಾತ್ರೆಗಳ ವಿಷಯದಲ್ಲೂ ಇದೇ ಕತೆ. 2018ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು 11 ತಳಿಗಳಿದ್ದ ಪ್ರೊಬಯೋಟಿಕ್ ಕೊಟ್ಟು, ಕ್ಯಾಮೆರಾ ಇರುವ ನಳಿಕೆಯನ್ನು ಒಳಗಿಳಿಸುವ ಎಂಡೋಸ್ಕೋಪಿಯಿಂದ ಕರುಳಿನ ಮಾದರಿಗಳನ್ನೂ ತೆಗೆದರು. ಸೇವಿಸಿದವರ ಮಲದಲ್ಲಿ ಆ ತಳಿಗಳು ಕಂಡವು. ಗೋಡೆಯಲ್ಲಿ ನೋಡಿದರೆ, ಕೆಲವರಲ್ಲಷ್ಟೇ ಅವು ನೆಲೆಯೂರಿದ್ದವು. ಉಳಿದವರ ಕರುಳು ಅವಕ್ಕೆ ಜಾಗವನ್ನೇ ಕೊಟ್ಟಿರಲಿಲ್ಲ. ಮಲವನ್ನಷ್ಟೇ ನೋಡಿದ್ದರೆ ಮಾತ್ರೆ ಎಲ್ಲರಲ್ಲೂ ಬೇರುಬಿಟ್ಟಿದೆ ಎಂದೇ ತೋರುತ್ತಿತ್ತು.

ಹಾಗಾದರೆ ಎಲ್ಲರಿಗೂ ಗೋಡೆಯನ್ನೇ ಪರೀಕ್ಷಿಸಬಾರದೇ? ಅದು ಅಷ್ಟು ಸುಲಭವಲ್ಲ. ಗೋಡೆಯ ಚೂರು ತೆಗೆಯಲು ದೊಡ್ಡ ಕರುಳಿನ ಎಂಡೋಸ್ಕೋಪಿ, ಅಂದರೆ ಕೊಲೊನೋಸ್ಕೋಪಿ ಬೇಕು; ಅದಕ್ಕೆ ಮೊದಲು ಭೇದಿ ಔಷಧಿ ಕುಡಿದು ಕರುಳನ್ನು ಖಾಲಿ ಮಾಡಬೇಕು. ಆ ತೊಳೆತದಲ್ಲಿ ಗೋಡೆಯ ಬ್ಯಾಕ್ಟೀರಿಯಾಗಳೂ ಏರುಪೇರಾಗುತ್ತವೆ. ಚಿಮಟದಂಥ ಸಾಧನದಿಂದ ಕಿತ್ತ ಅಂಗಾಂಶದ ಚೂರು ಕೆಲವೇ ಮಿಲಿಮೀಟರಿನದು, ಅದರಲ್ಲಿರುವ ಡಿಎನ್‌ಎ ಬಹುಪಾಲು ಮನುಷ್ಯರದ್ದೇ. ಮಲವಾದರೋ ನೋವಿಲ್ಲದೆ, ಬೇಕಾದಾಗಲೆಲ್ಲ ಸಿಗುತ್ತದೆ. ಸೋಂಕು, ಹುಳು, ಕಣ್ಣಿಗೆ ಕಾಣದ ರಕ್ತ ಇವನ್ನು ಪತ್ತೆಮಾಡಲು ಮಲಪರೀಕ್ಷೆ ಈಗಲೂ ಒಳ್ಳೆಯ ಸಾಧನ.

ವೈದ್ಯರು ಬರೆದುಕೊಟ್ಟ ಮಲಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಜಾಹೀರಾತಿನ ಬ್ಯಾಕ್ಟೀರಿಯಾ ಪಟ್ಟಿಯನ್ನು ನಂಬಿ ಊಟ ಬದಲಿಸುವ, ಮಾತ್ರೆ ಕೊಳ್ಳುವ ಮುನ್ನ ಮಾತ್ರ ಅವರನ್ನೊಮ್ಮೆ ಕೇಳಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಯಾವ ಪಟ್ಟಿಗೂ ಕಾಯದೆ ಆಸ್ಪತ್ರೆಗೆ ಹೋಗಿ.