ಒಂದು ಅಂಗಡಿ ಮುಚ್ಚಿಸಲು ಇಡೀ ಕಾಂಪ್ಲೆಕ್ಸಿಗೆ ಬೀಗ: ಐಪಿ ಬ್ಲಾಕಿಂಗ್ ಕೈಕೊಡುವುದು ಎಲ್ಲಿ?

‘ಬೇಡದ ಸೈಟಿನ ಐಪಿ ಬ್ಲಾಕ್ ಮಾಡಿದ್ವಿ ಮಾರಾಯ. ಅದು ಆರಾಮಾಗಿ ಓಪನ್ ಆಗ್ತಿದೆ, ಬೇಕಾಗಿದ್ದ ಇನ್ನೆರಡು ಸೈಟು ಬಂದ್ ಆಗಿವೆ.’ ಶಿವಮೊಗ್ಗ, ಭದ್ರಾವತಿಯ ಕಾಲೇಜು, ಕಚೇರಿಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಗೆಳೆಯರಿಂದ ನಾನು ಆಗಾಗ ಕೇಳುವ ದೂರು ಇದು. ಎಂಜಿನಿಯರಿಂಗ್ ಓದಿ ಪತ್ರಕರ್ತರಾದವರಿಗೆ ಇಂಥ ಫೋನುಗಳು ತಪ್ಪಿದ್ದಲ್ಲ. ಮೇಲ್ನೋಟಕ್ಕೆ ಲ್ಯಾಬಿನ ತಲೆನೋವು. ಆದರೆ ಇದೇ ಎಡವಟ್ಟು ದೇಶದ ಮಟ್ಟದಲ್ಲೂ ನಡೆದಿದೆ.

ವೆಬ್ ಪ್ರಾಕ್ಸಿ ಎಂದರೆ ಹಾಸ್ಟೆಲ್ ಗೇಟಿನ ವಾಚ್‌ಮನ್ ಇದ್ದಂತೆ. ಒಳಗಿನ ಕಂಪ್ಯೂಟರುಗಳ ಕೋರಿಕೆಗಳೆಲ್ಲ ಅವನ ಮೂಲಕವೇ ಹೊರಗೆ ಹೋಗಬೇಕು. ಅವನ ಕೈಯಲ್ಲಿರುವ ಪಟ್ಟಿಯಲ್ಲಿ ಸೈಟಿನ ಹೆಸರನ್ನೂ ಬರೆಯಬಹುದು, ಐಪಿ ವಿಳಾಸವನ್ನೂ ಬರೆಯಬಹುದು. ‘ವಿಳಾಸವನ್ನೇ ಮುಚ್ಚಿದರೆ ಗಟ್ಟಿ’ ಅಂತ ಅನ್ನಿಸುತ್ತದೆ. ಯಡವಟ್ಟು ಶುರುವಾಗುವುದೇ ಇಲ್ಲಿ.

ನೆಹರೂ ರಸ್ತೆಯ ಒಂದು ಕಾಂಪ್ಲೆಕ್ಸ್ ಕಲ್ಪಿಸಿಕೊಳ್ಳಿ. ಒಂದೇ ಗೇಟು, ಒಳಗೆ ಮೊಬೈಲ್ ಅಂಗಡಿ, ಟೈಲರ್, ಔಷಧಿ ಅಂಗಡಿ. ಐಪಿ ವಿಳಾಸ ಆ ಗೇಟು, ಸೈಟು ಒಳಗಿನ ಒಂದು ಅಂಗಡಿ. ಕ್ಲೌಡ್‌ಫ್ಲೇರ್‌ನಂಥ ಸೇವೆಗಳಲ್ಲಿ ಒಂದೇ ಐಪಿಯ ಹಿಂದೆ ಸಾವಿರಾರು ಸೈಟುಗಳಿರಬಹುದು. ಗೇಟಿಗೆ ಬೀಗ ಹಾಕಿದರೆ ಎಲ್ಲರ ವ್ಯಾಪಾರವೂ ಬಂದ್. ಇನ್ನೊಂದೆಡೆ, ದೊಡ್ಡ ಸೈಟುಗಳಿಗೆ ಹತ್ತಾರು ವಿಳಾಸಗಳಿರುತ್ತವೆ, ಅವು ಬದಲಾಗುತ್ತಲೂ ಇರುತ್ತವೆ. ಒಂದು ಗೇಟು ಮುಚ್ಚಿದರೆ ಇನ್ನೊಂದರಿಂದ ದಾರಿ.

ಹಾಗಾದರೆ ತೊಂದರೆ ಹುಡುಕುವುದು ಹೇಗೆ? ಬಹಳ ಕಡೆ ಬಳಕೆಯಲ್ಲಿರುವ ‘ಸ್ಕ್ವಿಡ್’ ಪ್ರಾಕ್ಸಿಯನ್ನೇ ತೆಗೆದುಕೊಳ್ಳೋಣ.

ಮೊದಲು ಲಾಗ್ ನೋಡಿ. ಸೈಟು ತೆರೆದಾಗ ಅಲ್ಲಿ ಒಂದು ಸಾಲೂ ಬೀಳದಿದ್ದರೆ ಕೋರಿಕೆ ಪ್ರಾಕ್ಸಿಗೆ ಬಂದೇ ಇಲ್ಲ, ಬ್ರೌಸರ್ ನೇರವಾಗಿ ಹೊರಗೆ ಹೋಗುತ್ತಿದೆ. ಆಗ ಸರಿಮಾಡಬೇಕಾದ್ದು ಫೈರ್‌ವಾಲನ್ನು, ಫಿಲ್ಟರನ್ನಲ್ಲ.

ಸಾಲು ಇದ್ದು, ಸೈಟೂ ತೆರೆದುಕೊಳ್ಳುತ್ತಿದ್ದರೆ ನಿಯಮಗಳ ಕ್ರಮ ನೋಡಿ. ಸ್ಕ್ವಿಡ್ ಮೇಲಿನಿಂದ ಕೆಳಗೆ ಓದುತ್ತಾ ಮೊದಲು ಹೊಂದಿದ ನಿಯಮಕ್ಕೇ ನಿಂತುಬಿಡುತ್ತದೆ. ‘ಎಲ್ಲರಿಗೂ ಅನುಮತಿ’ ಎಂಬ ಸಾಲು ಮೇಲಿದ್ದರೆ ಕೆಳಗಿನ ನಿಷೇಧ ಲೆಕ್ಕಕ್ಕಿಲ್ಲ.

ಕ್ರಮವೂ ಸರಿಯಿದ್ದರೆ ವಿಳಾಸ ಹಳತಾಗಿದೆಯೇ ನೋಡಿ. ಐಪಿ ನಿಯಮದಲ್ಲಿ ಸೈಟಿನ ಹೆಸರು ಬರೆದಿದ್ದರೆ, ಸ್ಕ್ವಿಡ್ ಕಾನ್ಫಿಗರೇಶನ್ ಓದುವಾಗ ಒಮ್ಮೆ ಮಾತ್ರ ಅದನ್ನು ವಿಳಾಸಕ್ಕೆ ಬದಲಾಯಿಸಿಕೊಳ್ಳುತ್ತದೆ. ನಾಳೆ ಸೈಟು ಜಾಗ ಬದಲಿಸಿದರೂ ಅದು ಕಾಯುವುದು ನಿನ್ನೆಯ ಗೇಟನ್ನೇ. ಐಪಿವಿ4 ಮುಚ್ಚಿ ಐಪಿವಿ6 ಮರೆಯುವುದೂ ಮಾಮೂಲು.

ಇಷ್ಟೆಲ್ಲ ಪರದಾಡುವ ಬದಲು ಹೆಸರಿನಿಂದಲೇ ಬ್ಲಾಕ್ ಮಾಡುವುದು ವಾಸಿ. ಪ್ರಾಕ್ಸಿ ಹಾಕಿಕೊಂಡ ಬ್ರೌಸರ್, ಎಚ್‌ಟಿಟಿಪಿಎಸ್ ಸೈಟಿಗೂ ಹೆಸರು ಹೇಳಿಯೇ ದಾರಿ ಕೇಳುತ್ತದೆ. ಬರೀ ಐಪಿ ಟೈಪ್ ಮಾಡಿ ನುಸುಳುವವರಿಗೆ ಬೇರೆ ನಿಯಮ ಸೇರಿಸಿದರಾಯಿತು.

ಈಗ ಲ್ಯಾಬಿನಿಂದ ಹೊರಗೆ ಬನ್ನಿ. 2003ರ ಸೆಪ್ಟೆಂಬರ್‌ನಲ್ಲಿ ಮೇಘಾಲಯದ ನಿಷೇಧಿತ ಸಂಘಟನೆಯೊಂದಕ್ಕೆ ಸಂಬಂಧಿಸಿದ ‘ಕಿನ್ಹುನ್’ ಎಂಬ ಒಂದು ಯಾಹೂ ಗ್ರೂಪನ್ನು ತಡೆಯಲು ಕೇಂದ್ರ ಸರ್ಕಾರ ಆದೇಶಿಸಿತು. ಇಂಟರ್‌ನೆಟ್ ಕಂಪನಿಗಳು ಐಪಿಯನ್ನೇ ಮುಚ್ಚಿದವು. ಭಾರತದ ಬಳಕೆದಾರರಿಗೆ ಯಾಹೂ ಗ್ರೂಪುಗಳೆಲ್ಲವೂ ಸಿಗದಂತಾದವು. 2022ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದಲ್ಲೂ ಹೀಗೇ ಆಯಿತು: ಕಾಪಿರೈಟ್ ಪ್ರಕರಣವೊಂದರಲ್ಲಿ ಕ್ಲೌಡ್‌ಫ್ಲೇರ್‌ನ 11 ಐಪಿ ಮುಚ್ಚಿದ್ದಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಸೈಟುಗಳು ಸಿಕ್ಕಿಹಾಕಿಕೊಂಡವು.

ನನಗೆ ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಪ್ರಾಕ್ಸಿ ಎಚ್‌ಟಿಟಿಪಿಎಸ್ ಸೈಟನ್ನು ತಡೆದಾಗ ಕ್ರೋಮ್‌ನಂಥ ಬ್ರೌಸರುಗಳು ಪ್ರಾಕ್ಸಿಯ ಸಂದೇಶವನ್ನು ತೋರಿಸುವುದೇ ಇಲ್ಲ. ಕಾಣುವುದು ‘ಸಂಪರ್ಕ ವಿಫಲ’ ಎಂಬ ಎರರ್ ಮಾತ್ರ. ಸ್ಕಾಲರ್‌ಶಿಪ್ ಅರ್ಜಿ ಹಾಕಲು ಕೂತ ಹುಡುಗಿ ‘ನೆಟ್ ಸರಿಯಿಲ್ಲ’ ಅಂದುಕೊಂಡು ಎದ್ದು ಹೋಗುತ್ತಾಳೆ. ಯಾರೋ ತಡೆದಿದ್ದಾರೆ ಎಂಬುದು ಗೊತ್ತಾಗದಿದ್ದರೆ ದೂರು ಕೊಡುವುದಾದರೂ ಯಾರಿಗೆ? ಸರ್ಕಾರದ ಮಟ್ಟದಲ್ಲೂ ಅಷ್ಟೇ: ಐಟಿ ಕಾಯ್ದೆಯ 69ಎ ಕಲಂ ಅಡಿ ಸೈಟು ತಡೆಯುವಾಗ, ದೂರು ಮತ್ತು ಕ್ರಮದ ವಿವರ ಗೌಪ್ಯವಾಗಿರಬೇಕು ಎನ್ನುತ್ತದೆ 2009ರ ನಿಯಮಾವಳಿಯ 16ನೇ ನಿಯಮ.

ತಂತ್ರಜ್ಞಾನದಲ್ಲಿ ಇದಕ್ಕೆ ದಾರಿ ಇಲ್ಲವೆಂದಲ್ಲ. ಕಾನೂನಿನ ಕಾರಣಕ್ಕೆ ತಡೆಯಲಾಗಿದೆ ಎಂದು ಹೇಳಲೆಂದೇ ವೆಬ್‌ನಲ್ಲಿ ‘451’ ಎಂಬ ಕೋಡ್ 2016ರಿಂದ ಇದೆ. ದೆಹಲಿ ಬದಲಾಗುವ ತನಕ ಕಾಯಬೇಕಿಲ್ಲ, ನಮ್ಮೂರ ಲ್ಯಾಬುಗಳಲ್ಲೇ ಶುರು ಮಾಡಬಹುದು. ಏನೇನು ಬ್ಲಾಕ್ ಮಾಡಿದ್ದೀವಿ, ಯಾಕೆ, ತಪ್ಪಾಗಿ ಬ್ಲಾಕ್ ಆಗಿದ್ದರೆ ಯಾರನ್ನು ಕೇಳಬೇಕು ಎಂದು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ. ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ.