ಕಳೆ ಔಷಧಿ ಹೊಡೆಯುವ ಕೈ

1982ರಲ್ಲಿ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಿಗೆ ಕೆಲವು ಹರೆಯದವರು ಬಂದರು. ಮಾತಿಲ್ಲ, ಅಲುಗಾಟವಿಲ್ಲ. ವಯಸ್ಸಾದವರಲ್ಲಿ ವರ್ಷಗಟ್ಟಲೆ ಬೆಳೆಯುವ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳು ಇವರಿಗೆ ಕೆಲವೇ ದಿನಗಳಲ್ಲಿ ಬಂದಿದ್ದವು. ನರತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಜಾಡು ಹಿಡಿದು ಹೊರಟಾಗ ಸಿಕ್ಕಿದ್ದು ಕಳ್ಳಪೇಟೆಯ ಕೃತಕ ಹೆರಾಯಿನ್, ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ರಾಸಾಯನಿಕ. ಅದು ಮಿದುಳನ್ನು ಹೊಕ್ಕು, ರೂಪ ಬದಲಿಸಿ, ಡೋಪಮಿನ್ ತಯಾರಿಸುವ ನರಕೋಶಗಳನ್ನು ಕೊಲ್ಲುತ್ತದೆ. ಹಾಗೆ ಬದಲಾದ ಅಣುವಿನ ರಚನೆ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಬಹುಮಟ್ಟಿಗೆ ಹೋಲುತ್ತದೆ. ಸಂಶಯ ಹುಟ್ಟಿದ್ದು ಅಲ್ಲಿಂದ.

ಪ್ಯಾರಾಕ್ವಾಟ್‌ಗೆ ಭಾರತದಲ್ಲಿ ನೋಂದಣಿಯಿದೆ. ಬಿಸಿಲಿದ್ದ ದಿನ ಬೆಳಿಗ್ಗೆ ಹೊಡೆದರೆ ಸಂಜೆಗೆ ಹುಲ್ಲು ಬಾಡಿರುತ್ತದೆ. ಕೂಲಿಯಾಳು ಸಿಗದ ಕಾಲದಲ್ಲಿ ರೈತ ಅದರ ಮೊರೆ ಹೋದರೆ ತಪ್ಪೆನ್ನಲಾರೆ. ಆದರೆ ಹೊಡೆಯುವ ರೀತಿ ನೋಡಿ: ಬರಿಗೈಯಲ್ಲಿ ಮುಚ್ಚಳ ತೆಗೆದು, ಕಡ್ಡಿಯಿಂದ ಕಲಕಿ, ಸೋರುವ ಕ್ಯಾನನ್ನು ಬೆನ್ನಿಗೇರಿಸಿ ಹೊರಡುತ್ತಾರೆ. ನೆನೆದ ಅಂಗಿ ಕೆಲಸ ಮುಗಿಯುವವರೆಗೂ ಮೈಮೇಲೇ ಇರುತ್ತದೆ.

ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾದ ಕೃಷಿಕ ಕುಟುಂಬಗಳನ್ನು ಪರೀಕ್ಷಿಸಿದ ಕ್ಯಾರೊಲಿನ್ ಟ್ಯಾನರ್ ತಂಡ 2011ರಲ್ಲಿ ವರದಿ ಕೊಟ್ಟಿತು: ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸಾಧ್ಯತೆ ಸುಮಾರು 2.5 ಪಟ್ಟು. ಸ್ಪಷ್ಟ ನಂಟು ಕಾಣದ ದೊಡ್ಡ ಅಧ್ಯಯನವೂ ಇದೆ ನಿಜ. ಹಾಗೆಂದು ಕೊನೆಯ ಪುರಾವೆ ಬರಲಿ ಎಂದು ಕೂರುವಂತಿಲ್ಲ. ಕೈ ನಡುಗಲು ಶುರುವಾಗುವ ಹೊತ್ತಿಗೆ ಡೋಪಮಿನ್ ತಯಾರಿಸುವ ನರಕೋಶಗಳಲ್ಲಿ ದೊಡ್ಡ ಪಾಲು ಸತ್ತಿರುತ್ತದೆ. ಈಗ ಹೊಡೆದ ಔಷಧಿಯ ಫಲ ದಶಕಗಳ ನಂತರ ಕಾಣಬಹುದು.

ಆಗ ಚಿಕಿತ್ಸೆಯಾದರೂ ಏನು? 1960ರ ದಶಕದ ಲೆವೊಡೋಪಾವೇ ಇವತ್ತಿಗೂ ಮುಖ್ಯ ಮಾತ್ರೆ. (ನಮ್ಮ ನಸುಗುನ್ನಿ ಬೀಜದಲ್ಲಿರುವುದೂ ಅದೇ, ಅಳತೆಯಿಲ್ಲದೆ ತಿನ್ನುವಂಥದ್ದಲ್ಲ.) ನಡುಕ, ಬಿಗಿತ ತಗ್ಗುತ್ತವೆ; ಕೋಶಗಳು ಸಾಯುವುದು ನಿಲ್ಲುವುದಿಲ್ಲ. ನಿಲ್ಲಿಸಬಹುದೆಂದು ನಂಬಿದ್ದ ಎರಡು ಪ್ರತಿಕಾಯ ಔಷಧಿಗಳ ಪ್ರಯೋಗ, ಪ್ರಸಿನೆಝುಮ್ಯಾಬ್ ಮತ್ತು ಸಿನ್ಪಾನೆಮ್ಯಾಬ್, ಗುರಿ ಮುಟ್ಟಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು. ಇತ್ತ ಜಗತ್ತಿನ ರೋಗಿಗಳು 1990ರಲ್ಲಿ 25 ಲಕ್ಷ ಇದ್ದವರು 2016ಕ್ಕೆ 61 ಲಕ್ಷವಾದರು. ಮುದುಕರ ಸಂಖ್ಯೆ ಏರಿದ್ದೇ ಇದಕ್ಕೆ ಮುಖ್ಯ ಕಾರಣ, ಆದರೆ ಅದೊಂದರಿಂದಲೇ ಲೆಕ್ಕ ಹೊಂದುವುದಿಲ್ಲ.

ಸ್ವಿಟ್ಜರ್ಲೆಂಡ್ 1989ರಲ್ಲೇ ಪ್ಯಾರಾಕ್ವಾಟ್ ನಿಷೇಧಿಸಿತು. ಯೂರೋಪ್ ಒಕ್ಕೂಟ 2007ರಲ್ಲಿ ಬಾಗಿಲು ಹಾಕಿತು. ಕುಡಿದವರಿಗೆ ಪ್ರತಿವಿಷವೇ ಇಲ್ಲದ ಈ ವಸ್ತುವನ್ನು ನಮ್ಮ ಸರ್ಕಾರ ಇನ್ನೂ ಇಟ್ಟುಕೊಳ್ಳಬಾರದು.

ಅಲ್ಲಿಯವರೆಗೆ ಒಂದು ಮಾತು. ಅಮೆರಿಕದ ಅದೇ ಕುಟುಂಬಗಳ ಕುರಿತ 2015ರ ವರದಿಯಲ್ಲಿ ಪ್ಯಾರಾಕ್ವಾಟ್–ಪಾರ್ಕಿನ್ಸನ್ ನಂಟು ಕಂಡದ್ದು ಕೈಗವಸು ಹಾಕದವರಲ್ಲಿ ಮಾತ್ರ. ಬಾಟಲಿ ಮಾರುವ ಅಂಗಡಿಯವರು ರಬ್ಬರ್ ಕೈಗವಸನ್ನೂ ಜೊತೆಗೇ ಕೊಡಲಿ, ಕೊಳ್ಳುವವರು ಕೇಳಿ ಪಡೆಯಲಿ.